ಗಿರಣಿಯ ಸ್ಕ್ರೀನಿಗೆ ಒತ್ತಕ್ಷರ ಬಂದ ಬಗೆ

ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಎಲ್ಲ ಲೆಕ್ಕವೂ ಕಾಟಾ ಚೀಟಿಯಿಂದ ಹುಟ್ಟುತ್ತದೆ. ನೆಲ್ಲು ತುಂಬಿದ ಟ್ರ್ಯಾಕ್ಟರ್ ಕಾಟಾ ಹತ್ತಿದಾಗ ಒಂದು ತೂಕ, ಹಮಾಲರು ಚೀಲ ಇಳಿಸಿದ ಮೇಲೆ ಖಾಲಿ ಗಾಡಿಯದು ಇನ್ನೊಂದು ತೂಕ. ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಉಳಿಯುವುದು ರೈತನ ಮಾಲು. ಅದರಲ್ಲಿ ಖಾಲಿ ಚೀಲದ ತೂಕ, ತೇವಕ್ಕೆಂದು ಹಿಡಿಯುವುದು ಎಲ್ಲ ತೆಗೆದು, 75 ಕೆ.ಜಿ. ಚೀಲದ ಲೆಕ್ಕಕ್ಕೆ ದರ ಕಟ್ಟಿ, ಹಮಾಲಿ ಮುರಿದುಕೊಂಡು ದುಡ್ಡು ಎಣಿಸುತ್ತಾರೆ. ಈ ಚೀಟಿಯನ್ನೂ ಅದರ ಹಿಂದಿನ ಖಾತೆಯನ್ನೂ ಕಂಪ್ಯೂಟರಿನಲ್ಲಿ ಕೂರಿಸಿಕೊಡುವುದು ನನ್ನ ಕಸುಬು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದವಳು ಪ್ರೋಗ್ರಾಂ ಬರೆಯುವುದಕ್ಕೆ ತಿರುಗಿದೆ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು, ಕಂಪ್ಲಿ ಕಡೆಯ ಗಿರಣಿಯವರು, ಕಾಟಾದವರು, ದಲ್ಲಾಳಿ ಅಂಗಡಿಯವರು ನನ್ನ ಗಿರಾಕಿಗಳು.

ಈ ಸೀಮೆಯ ಗಿರಣಿಗಳ ಬೇರು 1953ರಲ್ಲಿದೆ. ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿದದ್ದು ಆ ವರ್ಷ. ಬಲದಂಡೆಯ ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪಗಳ ಎರೆಭೂಮಿಗೆ ನೀರುಣಿಸಿದ ಮೇಲೆ ಜೋಳ, ಹತ್ತಿಯ ಜಾಗಕ್ಕೆ ನೆಲ್ಲು ಬಂತು, ನೆಲ್ಲಿನ ಹಿಂದೆ ಗಿರಣಿ ಬಂತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಗಡಿ ಎಳೆದರೂ ನೆಲ್ಲಿನ ಗಾಡಿ ನಿಲ್ಲಲಿಲ್ಲ. ಇಂದಿಗೂ ಸಿರುಗುಪ್ಪದ ಗಿರಣಿ ಖಾತೆಯಲ್ಲಿ ಒಂದು ಸಾಲು ಕನ್ನಡದ ಹೆಸರು, ಮುಂದಿನ ಸಾಲು ತೆಲುಗಿನ ಹೆಸರು. ಕೆಎ 34 ನಂಬರಿನ ಲಾರಿ ಹಿಂದೆ ಎಪಿ ನಂಬರಿನ ಲಾರಿ.

ಇಂಜಿನಿಯರಿಂಗ್ ಮುಗಿಸಿದ ಹುಡುಗರು ಆಗಾಗ ನನ್ನ ಕೋಣೆಗೆ ಬಂದು ಕೇಳುತ್ತಾರೆ: “ಮೇಡಂ, ಲಿನಕ್ಸ್‌ನಲ್ಲಿ ಸ್ಕ್ರೀನ್ ಮಾಡೋಕೆ ಯಾವುದು ಬೆಸ್ಟ್? ಜಿಟಿಕೆನಾ, ಕ್ಯೂಟಿನಾ?” ಯಾವುದರ ಬಟನ್ ಚಂದ, ಯಾವುದನ್ನು ಬೇಗ ಕಲಿಯಬಹುದು ಎಂದು ತಿಳಿಯುವುದು ಅವರ ಆಸೆ. ನಾನು ಈ ಕಸುಬಿನಲ್ಲಿ ಕಂಡದ್ದು ಬೇರೆ. ಬಟನ್‌ಗಳಿಗಾಗಿ ಲಿನಕ್ಸಿನವರು ಪಂಗಡ ಕಟ್ಟಿ ಕಾಲು ಶತಮಾನ ಜಗಳವಾಡಿದರು. ಬಟನ್ನಿನ ಕೆಳಗಿರುವ, ಕಣ್ಣಿಗೆ ಬೀಳದ ಒಂದು ಪದರದಲ್ಲಿ ಮಾತ್ರ ಎಲ್ಲರೂ ಕೈಜೋಡಿಸಿದರು. ಸಿರುಗುಪ್ಪದ ಚೀಟಿಯಲ್ಲಿ ಕನ್ನಡ ಮೂಡಿದ್ದು ಆ ಪದರದಿಂದ. ಅದು ಬಂದ ದಾರಿ ಗೊತ್ತಿದ್ದವರಿಗೆ ಟೂಲ್ ಆರಿಸುವುದು ಕಷ್ಟವಲ್ಲ.

ಎಂಟರ್ ಒತ್ತುತ್ತ ಹೋದ ಕಾಲ

ನಾನು ಈ ಕೆಲಸಕ್ಕೆ ಇಳಿದಾಗ ಗಿರಣಿಗಳಲ್ಲಿದ್ದದ್ದು ಡಾಸ್. ಕಪ್ಪು ಅಥವಾ ನೀಲಿ ಪರದೆ, ಬಿಳಿ ಅಕ್ಷರ, ಅದರಲ್ಲಿ ಫಾಕ್ಸ್‌ಪ್ರೊ 2.6. ಮೌಸ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗುಮಾಸ್ತ ಎಫ್2 ಒತ್ತಿದರೆ ಹೊಸ ಚೀಟಿ, ಎಫ್5 ಒತ್ತಿದರೆ ತೂಕ, ನಡುವೆ ಎಂಟರ್, ಎಂಟರ್, ಎಂಟರ್. ತೌಡಿನ ದೂಳು ತುಂಬಿದ ಕೀಬೋರ್ಡಿನ ಮೇಲೆ ಅವರ ಬೆರಳು ಓಡುತ್ತಿದ್ದ ಪರಿ ಇವತ್ತಿನ ಯಾವ ಟಚ್‌ಸ್ಕ್ರೀನಿನ ಮೇಲೂ ನಾನು ಕಂಡಿಲ್ಲ. ಸುಗ್ಗಿಯಲ್ಲಿ ಗೇಟಿನ ಹೊರಗೆ ಸಾಲುಗಟ್ಟಿದ ಟ್ರ್ಯಾಕ್ಟರ್‌ಗಳಿಗೆ ಆ ವೇಗವೇ ಆಧಾರ.

ಆ ಪರದೆಗೆ ಕನ್ನಡ ಬರುತ್ತಿರಲಿಲ್ಲ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಎಂಬುದೊಂದಿತ್ತು. ಅದನ್ನು ಕಂಪ್ಯೂಟರಿನ ಒಳಗೆ ಸಿಕ್ಕಿಸಿದರೆ ಡಾಸ್‌ನಲ್ಲಿಯೂ ಭಾರತೀಯ ಲಿಪಿಗಳು ಕಾಣುತ್ತಿದ್ದವು. ಸರ್ಕಾರಿ ಕಚೇರಿಗೆ ಸರಿ, ಗಿರಣಿಯವರು ಅದಕ್ಕೆ ದುಡ್ಡು ಬಿಚ್ಚಲಿಲ್ಲ. ದೊಡ್ಡಬಸಪ್ಪ ಎಂಬ ರೈತನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದರು, ಒಬ್ಬ ಗುಮಾಸ್ತ ಒಂದು ರೀತಿ, ಇನ್ನೊಬ್ಬ ಮತ್ತೊಂದು ರೀತಿ. ಒಬ್ಬನೇ ರೈತ ಖಾತೆಯಲ್ಲಿ ಮೂವರಾಗಿ ಕುಳಿತದ್ದೂ ಉಂಟು.

ಜನ ಕನ್ನಡ ಕೇಳಲು ಶುರುಮಾಡಿದ್ದು ಪಹಣಿ ನೋಡಿದ ಮೇಲೆ. 2000ದ ಆಚೀಚೆ ಭೂಮಿ ಯೋಜನೆ ಬಂದು, ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕಂಪ್ಯೂಟರ್ ಪಹಣಿ ಸಿಗತೊಡಗಿತು. ತನ್ನ ಹೆಸರು, ತಂದೆ ಹೆಸರು, ಸರ್ವೆ ನಂಬರು ಕನ್ನಡದಲ್ಲಿ ಅಚ್ಚಾಗಿ ಬಂದದ್ದನ್ನು ನೋಡಿದ ರೈತ ಗಿರಣಿಗೆ ಬಂದು, “ಸರ್ಕಾರದ ಕಂಪ್ಯೂಟರಿಗೆ ಬರೋ ಕನ್ನಡ ನಿಮ್ಮ ಕಂಪ್ಯೂಟರಿಗೆ ಯಾಕ್ ಬರಂಗಿಲ್ರೀ?” ಎಂದು ಕೇಳಿದ. ಮಾಲೀಕರು ಆ ಪ್ರಶ್ನೆಯನ್ನು ನನಗೆ ದಾಟಿಸಿದರು.

ಫಾಂಟು ಹೋದರೆ ಖಾತೆ ಹೋಯಿತು

ಆ ಹೊತ್ತಿಗೆ ನಾವೆಲ್ಲ ವಿಂಡೋಸ್‌ಗೂ 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ಕ್ಕೂ ಬಂದಾಗಿತ್ತು. ಫಾರಂ ಮೇಲೆ ಬಟನ್ ಎಳೆದು ಇಟ್ಟರೆ ಸ್ಕ್ರೀನ್ ತಯಾರು. ಅಷ್ಟು ಸಲೀಸಾದ ಟೂಲನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಕನ್ನಡಕ್ಕೆ ಶೇಷಾದ್ರಿವಾಸು ಅವರ ಬರಹ ಇತ್ತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ನುಡಿ ಬಂತು. ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ ಇತ್ತು. ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕುವೆಂಪು ಹೆಸರಿನ ತಂತ್ರಾಂಶವನ್ನೂ ತಂದಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಈ ಕಾಲದಲ್ಲೇ ಜನರ ಬೆರಳಿಗೆ ಹತ್ತಿತು. ನಮ್ಮ ಗುಮಾಸ್ತರು ಒಂದು ವಾರದಲ್ಲಿ ಅದನ್ನು ಕಲಿತರು.

ಕಷ್ಟ ಇದ್ದದ್ದು ಒಳಗೆ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು: ಇಲ್ಲೊಂದು ತಲೆಕಟ್ಟು, ಅಲ್ಲೊಂದು ಕೊಂಬು, ಇನ್ನೆಲ್ಲೋ ಒಂದು ಒತ್ತು. ಪರದೆಯ ಮೇಲೆ ‘ಕುರುಗೋಡು’ ಎಂದು ಕಂಡರೂ ಡೇಟಾಬೇಸಿನೊಳಗೆ ಇರುತ್ತಿದ್ದದ್ದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸರ. ಒಂದು ಫಾಂಟಿನ ಸರ ಇನ್ನೊಂದು ಫಾಂಟಿಗೆ ಓದಲು ಬಾರದು. ಕಂಪ್ಯೂಟರ್ ಕೆಟ್ಟು ಬೇರೆ ಕಂಪ್ಯೂಟರ್ ತಂದಾಗ ಫಾಂಟ್ ಮರೆತರೆ ಇಡೀ ಖಾತೆ ಕಲಸುಮೇಲೋಗರ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದಂತೂ ಕನಸು. ಒಂದೇ ಅಂಕಣದಲ್ಲಿ ಕನ್ನಡ, ತೆಲುಗು ಎರಡನ್ನೂ ಇಡಲು ಸಾಲುಸಾಲಿಗೂ ಫಾಂಟ್ ಬದಲಿಸಬೇಕಿತ್ತು.

ಇದಕ್ಕೆ ಮದ್ದಾಗಿ, ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಇತ್ತು, ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟನ್ನೂ ತಂದಿತು. ನಮ್ಮ ಹೊಳೆಯ ಹೆಸರು ಫಾಂಟಿಗಿದೆ ಎಂದು ಖುಷಿಯಾಯಿತೇ ಹೊರತು ಉಪಯೋಗಕ್ಕೆ ಬರಲಿಲ್ಲ. ವಿಷುಯಲ್ ಬೇಸಿಕ್ 6ರ ಪೆಟ್ಟಿಗೆಗಳಿಗೆ ಯೂನಿಕೋಡ್ ಗೊತ್ತಿರಲಿಲ್ಲ. ಆ ಟೂಲ್‌ಗೆ ಕಂಪನಿಯ ಬೆಂಬಲ 2008ಕ್ಕೆ ಮುಗಿಯಿತು. ಒಳಗೇನಿದೆ ಎಂದು ಬಿಚ್ಚಿ ನೋಡಿ ರಿಪೇರಿ ಮಾಡುವ ಹಕ್ಕು ನನಗಿರಲಿಲ್ಲ. ಒಂದು ಟೂಲ್ ಎಷ್ಟೇ ಸಲೀಸಾಗಿರಲಿ, ಅದನ್ನು ರಿಪೇರಿ ಮಾಡುವವರು ಕೈಬಿಟ್ಟ ಮೇಲೆ ನಿನ್ನ ಗತಿ ಏನು ಎಂದು ನಾನು ಮೊದಲು ಕೇಳಿಕೊಂಡದ್ದು ಆಗ.

ಕಿಟಕಿ ಕೊಟ್ಟವರು, ಬಟನ್ ಕೊಡದವರು

ಲಿನಕ್ಸ್ ನಮ್ಮಂಥ ಊರಿಗೆ ಪತ್ರಿಕೆಯ ಜೊತೆ ಬಂತು. ಪಿಸಿ ಕ್ವೆಸ್ಟ್ 1996ರಲ್ಲಿ ಮೊದಲು ಲಿನಕ್ಸ್ ಸಿಡಿ ಹಂಚಿತು, ಆಮೇಲೆ ವರ್ಷವರ್ಷವೂ ಕೊಟ್ಟಿತು. ಇಂಟರ್‌ನೆಟ್ ಎಂದರೆ ಗಂಟೆಯ ಲೆಕ್ಕದಲ್ಲಿ ದುಡ್ಡು ಸುರಿಯಬೇಕಿದ್ದ ಕಾಲದಲ್ಲಿ ಬಳ್ಳಾರಿಗೆ ಆ ಸಿಡಿಯೇ ಹೆದ್ದಾರಿ. 2005ರಿಂದ ಕೆಲವು ವರ್ಷ ಉಬುಂಟುವಿನವರು ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸಿದರು.

ಆ ಸಿಡಿ ಹಾಕಿದವರಿಗೆ ಮೊದಲು ಕಾಣುತ್ತಿದ್ದದ್ದು ಒಂದು ವಿಚಿತ್ರ: ಒಂದೇ ಪರದೆಯಲ್ಲಿ ಒಂದು ಪ್ರೋಗ್ರಾಮಿನ ಬಟನ್ ಒಂದು ತರಹ, ಪಕ್ಕದ್ದರ ಬಟನ್ ಮತ್ತೊಂದು ತರಹ. ಇದಕ್ಕೆ ಕಾರಣ ಲಿನಕ್ಸ್‌ಗಿಂತ ಹಳೆಯದು. ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್, ಜಿಮ್ ಗೆಟಿಸ್ 1984ರಲ್ಲಿ ಎಕ್ಸ್ ವಿಂಡೋ ವ್ಯವಸ್ಥೆ ಶುರುಮಾಡಿದರು. 1987ರಲ್ಲಿ ಬಂದ ಅದರ 11ನೇ ಆವೃತ್ತಿಯೇ ದಶಕಗಟ್ಟಲೆ ನಡೆಯಿತು. ಪರದೆಯ ಮೇಲೆ ಕಿಟಕಿ ತೆರೆಯುವುದು, ಗೆರೆ ಎಳೆಯುವುದು, ಕೀಲಿ ಒತ್ತಿದ್ದನ್ನು ತಿಳಿಸುವುದು ಇಷ್ಟೇ ಅದರ ಕೆಲಸ. ಬಟನ್ ಹೇಗಿರಬೇಕು, ಮೆನು ಎಲ್ಲಿಂದ ಇಳಿಯಬೇಕು ಎಂಬುದನ್ನು ಅದು ಬೇಕೆಂದೇ ಹೇಳಲಿಲ್ಲ. ಆ ಖಾಲಿ ಜಾಗ ತುಂಬಲು ಹುಟ್ಟಿದವೇ ಟೂಲ್‌ಕಿಟ್‌ಗಳು. ಎಂಐಟಿಯದೇ ಅಥೀನಾ ಮೊದಲು. 1989ರಲ್ಲಿ ದೊಡ್ಡ ಯೂನಿಕ್ಸ್ ಕಂಪನಿಗಳು ಸೇರಿ ಮೋಟಿಫ್ ತಂದವು. ಮೋಟಿಫ್‌ಗೆ ಲೈಸೆನ್ಸ್ ದುಡ್ಡು ಕೊಡಬೇಕಿತ್ತು.

ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಚಿತ್ರ ತಿದ್ದುವ ಗಿಂಪ್ ಎಂಬ ಪ್ರೋಗ್ರಾಂ ಬರೆಯುತ್ತಿದ್ದರು. 1996ರಲ್ಲಿ ಹೊರಬಂದ ಅದರ ಮೊದಲ ರೂಪ ಮೋಟಿಫ್ ಮೇಲೆ ನಿಂತಿತ್ತು. ಮೋಟಿಫ್ ಬೇಡವೆನಿಸಿ ತಮಗೆ ಬೇಕಾದ ಬಟನ್, ಮೆನುಗಳನ್ನು ತಾವೇ ಬರೆದುಕೊಂಡರು. ಅದು ಜಿಟಿಕೆ. ಚಿತ್ರದ ಕೆಲಸಕ್ಕೆ ಹುಟ್ಟಿದ ಪಕ್ಕದ ಸಾಮಾನು ಮುಂದೆ ಅರ್ಧ ಲಿನಕ್ಸ್ ಜಗತ್ತನ್ನು ಹೊತ್ತಿತು. ಇತ್ತ ನಾರ್ವೆಯಲ್ಲಿ ಹೋವಾರ್ಡ್ ನೂರ್ಡ್ ಮತ್ತು ಐರಿಕ್ ಶಾಂಬೆ-ಎಂಗ್ 1994ರಲ್ಲಿ ಟ್ರೋಲ್‌ಟೆಕ್ ಕಂಪನಿ ಕಟ್ಟಿ ಕ್ಯೂಟಿ ತಂದರು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ 1996ರ ಅಕ್ಟೋಬರ್‌ನಲ್ಲಿ, ಎಲ್ಲ ಪ್ರೋಗ್ರಾಂಗಳೂ ಒಂದೇ ರೀತಿ ಕಾಣುವ ಡೆಸ್ಕ್‌ಟಾಪ್ ಬೇಕು ಎಂದು ಕರೆ ಕೊಟ್ಟು ಕ್ಯೂಟಿ ಮೇಲೆ ಕೆಡಿಇ ಕಟ್ಟಲು ಕೂತರು.

ಜಗಳ ಅಲ್ಲೇ ಹುಟ್ಟಿತು. ಕ್ಯೂಟಿಯ ಸೋರ್ಸ್ ನೋಡಬಹುದಿತ್ತು, ತಿದ್ದಿ ಹಂಚುವ ಹಾಗಿರಲಿಲ್ಲ. ಮುಕ್ತ ಡೆಸ್ಕ್‌ಟಾಪಿನ ಬುನಾದಿ ಒಂದು ಕಂಪನಿಯ ಕೈಯಲ್ಲಿ ಇರಬಾರದು ಎಂದು ಮೆಕ್ಸಿಕೋದ ಮಿಗೆಲ್ ಡೆ ಇಕಾಜಾ, ಫೆಡೆರಿಕೊ ಮೇನಾ 1997ರ ಆಗಸ್ಟ್‌ನಲ್ಲಿ ಜಿಟಿಕೆ ಮೇಲೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ಶುರುಮಾಡಿದರು. ಟ್ರೋಲ್‌ಟೆಕ್ ಹೆಜ್ಜೆಹೆಜ್ಜೆಯಾಗಿ ಸಡಿಲಿಸಿತು: 1998ರಲ್ಲಿ ಕೆಡಿಇಯವರ ಜೊತೆ ಕರಾರು, 1999ರಲ್ಲಿ ಹೊಸ ಲೈಸೆನ್ಸ್, 2000ದ ಸೆಪ್ಟೆಂಬರ್‌ನಲ್ಲಿ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್. ಆ 1998ರ ಕರಾರು ನನ್ನಂಥವಳ ಕಣ್ಣಿಗೆ ಇಡೀ ಕತೆಯಲ್ಲೇ ದೊಡ್ಡದು. ಕಂಪನಿ ಒಂದು ವರ್ಷ ಮುಕ್ತ ಆವೃತ್ತಿ ತರದೆ ನಿಂತರೆ, ಕ್ಯೂಟಿಯನ್ನು ಯಾರು ಬೇಕಾದರೂ ಮುಂದುವರಿಸುವಂಥ ಲೈಸೆನ್ಸಿನಲ್ಲಿ ಬಿಡುಗಡೆ ಮಾಡುವ ಹಕ್ಕು ಒಂದು ಪ್ರತಿಷ್ಠಾನಕ್ಕೆ ಸಿಕ್ಕಿತು. ವಿಷುಯಲ್ ಬೇಸಿಕ್‌ಗೆ ಅಂಥ ಕರಾರು ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಪ ಕೆಳಗೆ ಪ

ನನ್ನ ಬಳಿ ಟೂಲ್ ಪರೀಕ್ಷಿಸಲು ಒಂದು ಪಟ್ಟಿ ಇದೆ. ಬೇರೆಲ್ಲೂ ಹುಡುಕಬೇಕಿಲ್ಲ, ನಮ್ಮ ಊರುಗಳ ಹೆಸರೇ ಸಾಕು. ಬಳ್ಳಾರಿಯಲ್ಲಿ ಳಕ್ಕೆ ಳ ಒತ್ತು, ಮೇಲೆ ದೀರ್ಘ. ಸಿರುಗುಪ್ಪದಲ್ಲಿ ಪಕ್ಕೆ ಪ ಒತ್ತು. ಕುರುಗೋಡಿನ ‘ಗೋ’ ಕಂಪ್ಯೂಟರಿಗೆ ಎರಡೇ ಸಂಕೇತ, ಕಣ್ಣಿಗೆ ಮಾತ್ರ ನಾಲ್ಕು ತುಂಡು: ಗಕಾರ, ತಲೆಕಟ್ಟಿನ ಜಾಗಕ್ಕೆ ಏತ್ವ, ಪಕ್ಕಕ್ಕೆ ಕೊಂಬು, ಕೊನೆಗೆ ದೀರ್ಘ. ಕರ್ನೂಲಿನಲ್ಲಿ ಅರ್ಕಾವೊತ್ತು, ಮೊದಲು ಉಚ್ಚರಿಸುವ ರಕಾರ ಬರವಣಿಗೆಯಲ್ಲಿ ಆಮೇಲೆ ಬರಬೇಕು. ಗಿರಣಿಗಳ ಬೋರ್ಡಿನಲ್ಲಿ ತಪ್ಪದೆ ಇರುವ ‘ಲಕ್ಷ್ಮಿ’ಯಲ್ಲಿ ಮೂರು ವ್ಯಂಜನ ಒಂದೇ ಮನೆಯಲ್ಲಿವೆ. ಇಂಗ್ಲಿಷಿನಂತೆ ಅಕ್ಷರದ ಪಕ್ಕ ಅಕ್ಷರ ಇಟ್ಟುಕೊಂಡು ಹೋಗುವ ಟೂಲ್ ಈ ಪಟ್ಟಿಯ ಮುಂದೆ ಮುಗ್ಗರಿಸುತ್ತದೆ.

ಮುಗ್ಗರಿಸಿದ್ದನ್ನು ನನಗೆ ತೋರಿಸಿಕೊಟ್ಟದ್ದು ಸಿರುಗುಪ್ಪದ ಒಬ್ಬ ಗುಮಾಸ್ತ. ಟಿಕೆ ಎಂಬ ಟೂಲ್‌ಕಿಟ್ ಬಳಸುವ ಭಾಗ ಪೈಥಾನಿನ ಮೂಲ ಸರಕಿನಲ್ಲೇ ಇದೆ. ಬರ್ಕ್ಲಿಯ ಜಾನ್ ಔಸ್ಟರ್‌ಹೌಟ್ ಕಟ್ಟಿದ ಗಟ್ಟಿ ಹಳೆಯ ಟೂಲ್ ಅದು. ಅದರಲ್ಲೊಂದು ನಮೂನೆ ಸ್ಕ್ರೀನ್ ಮಾಡಿ ತೋರಿಸಿದೆ. ಪರದೆಯಲ್ಲಿ ಬಂದದ್ದು ‘ಸಿರುಗುಪ್‌ಪ’. ಅವರು ಕನ್ನಡಕ ಏರಿಸಿ ನೋಡಿ, “ಮೇಡಂ, ಪ ಕೆಳಗ ಪ ಬರ್ಬೇಕ್ರೀ, ಪಕ್ಕಕ್ಕ ಬಂದೈತಿ” ಎಂದರು. ಅದೇ ಪ್ರೋಗ್ರಾಂ ವಿಂಡೋಸ್‌ನಲ್ಲಿ ಸರಿಯಾಗಿ ಕಾಣುತ್ತಿತ್ತು, ಏಕೆಂದರೆ ಅಲ್ಲಿ ಅಕ್ಷರ ಕೂಡಿಸುವ ಕೆಲಸ ವಿಂಡೋಸಿನದು. ಲಿನಕ್ಸ್‌ನಲ್ಲಿ ಆ ಕೆಲಸವನ್ನು ಟೂಲ್‌ಕಿಟ್ ತಾನೇ ಯಾರಿಗಾದರೂ ಒಪ್ಪಿಸಬೇಕು. ಟಿಕೆ ಯಾರಿಗೂ ಒಪ್ಪಿಸಿರಲಿಲ್ಲ. ಹಗುರ ಎಂದು ಹೆಸರಾದ ಎಫ್‌ಎಲ್‌ಟಿಕೆಯ 1.3ನೇ ಆವೃತ್ತಿಯದೂ ಅದೇ ಪಾಡು.

ಒಪ್ಪಿಸಿದವರ ಕತೆ ಹೀಗಿದೆ. ರೆಡ್ ಹ್ಯಾಟ್‌ನ ಓವನ್ ಟೇಲರ್ ಮತ್ತು ಸಂಗಡಿಗರು ಪ್ಯಾಂಗೊ ಎಂಬ ಪದರ ಬರೆದರು. ಜಗತ್ತಿನ ಎಲ್ಲ ಲಿಪಿಗಳ ಸಾಲನ್ನೂ ಸರಿಯಾಗಿ ಕೂರಿಸುವುದೇ ಅದರ ಗುರಿ. 2002ರ ಮಾರ್ಚ್‌ನಲ್ಲಿ ಬಂದ ಜಿಟಿಕೆ 2 ಆ ಪದರದ ಮೇಲೆ ನಿಂತಿತು. ಕ್ಯೂಟಿಯವರು ತಮ್ಮದೇ ದಾರಿಯಲ್ಲಿ ಭಾರತೀಯ ಲಿಪಿಗಳನ್ನು ತಂದುಕೊಂಡರು. ಬಟನ್ನಿನ ವಿಷಯದಲ್ಲಿ ಹಾವು ಮುಂಗುಸಿಯಂತಿದ್ದ ಈ ಎರಡು ಪಂಗಡಗಳ ಅಕ್ಷರ ಕೂಡಿಸುವ ಕೋಡ್ ಹುಟ್ಟಿದ್ದು ಒಂದೇ ಕಡೆ, ಫ್ರೀಟೈಪ್ ಯೋಜನೆಯಲ್ಲಿ. ಒಂದೇ ತಪ್ಪನ್ನು ಎರಡು ಮನೆಯಲ್ಲಿ ಎರಡು ಸಲ ತಿದ್ದುವುದರಲ್ಲಿ ಅರ್ಥವಿಲ್ಲ ಎಂದು ಕಂಡು, ಆ ಕೋಡನ್ನು ಮತ್ತೆ ಕೂಡಿಸಿ ಹಾರ್ಫ್‌ಬಜ್ ಎಂದು ಹೆಸರಿಟ್ಟರು. ಇರಾನಿನಲ್ಲಿ ಹುಟ್ಟಿದ ಬೆಹದಾದ್ ಇಸ್ಫಹಬೋದ್ ಅದನ್ನು ಹೊಸದಾಗಿ ಬರೆದರು. 2015ರಲ್ಲಿ ಅದರ 1.0 ಬಂತು. ಇವತ್ತು ಜಿಟಿಕೆ, ಕ್ಯೂಟಿ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಎಲ್ಲದರಲ್ಲೂ ಪಕಾರದ ಕೆಳಗೆ ಪಕಾರ ಕೂರಿಸುವುದು ಅದೇ ಹಾರ್ಫ್‌ಬಜ್.

ಕೆಳಗಿನ ಪದರ ಇದ್ದರೆ ಸಾಲದು, ಫಾಂಟ್ ಬೇಕು, ಕೀಲಿಮಣೆ ಬೇಕು. ರೆಡ್ ಹ್ಯಾಟ್ ಲೋಹಿತ್ ಫಾಂಟುಗಳನ್ನು ಮುಕ್ತವಾಗಿ ಬಿಟ್ಟಿತು, ಅದರಲ್ಲಿ ಕನ್ನಡವೂ ಇತ್ತು. ಕೇದಗೆ, ಮಲ್ಲಿಗೆ ಫಾಂಟುಗಳು ಲಿನಕ್ಸ್‌ಗೆ ಬಂದವು. ಮುಂದೆ ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಬಂದವು. ಕೆ.ಪಿ. ರಾವ್ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನ ಕೀಲಿಮಣೆ ಪಟ್ಟಿಗೇ ಸೇರಿದ್ದರಿಂದ ನುಡಿ ಕಲಿತ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗರು ಕಟ್ಟಿದ ಸಂಪದದಂಥ ತಾಣದಲ್ಲಿ ಜನ ಯೂನಿಕೋಡ್‌ನಲ್ಲೇ ಬರೆಯತೊಡಗಿದರು. ಸ್ವಯಂಸೇವಕರು ಗ್ನೋಮ್, ಕೆಡಿಇಗಳ ಮೆನುಗಳನ್ನು ಕನ್ನಡಕ್ಕೆ ತಂದರು. ಚಿದಾನಂದ ಗೌಡರ ನೇತೃತ್ವದ ಸಮಿತಿ ಸರ್ಕಾರವೂ ಯೂನಿಕೋಡ್‌ಗೆ ಬರಬೇಕೆಂದು ಹೇಳಿತು. ಎಕ್ಸ್‌ಪಿಗೆ ಬೆಂಬಲ ನಿಂತ 2014ರ ಏಪ್ರಿಲ್ ಹೊತ್ತಿಗೆ, ಗಿರಣಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಕನ್ನಡದಲ್ಲಿ ಚೀಟಿ ತೋರಿಸುವುದು ಸಾಧ್ಯ ಎಂದು ಧೈರ್ಯವಾಗಿ ಹೇಳುವ ಸ್ಥಿತಿ ಬಂದಿತ್ತು.

ಕಾಟಾದ ಮುಂದೆ ನಡೆದ ಆಯ್ಕೆ

ಮೊದಲು ನಾನು ಜಿಟಿಕೆ 2 ಹಿಡಿದೆ. ಅದರ ಸ್ಕ್ರೀನ್ ಬಿಡಿಸುವ ಗ್ಲೇಡ್ ಎಂಬ ಪ್ರೋಗ್ರಾಂನಲ್ಲಿ ಫಾರಂ ಬಿಡಿಸುವುದು ವಿಷುಯಲ್ ಬೇಸಿಕ್ ಬಲ್ಲವಳಿಗೆ ಪರಿಚಿತ ಕೆಲಸ. ಊರಿನ ಹೆಸರುಗಳ ಪರೀಕ್ಷೆಯಲ್ಲಿ ಪ್ಯಾಂಗೊ ಪೂರ್ತಿ ಅಂಕ ತೆಗೆದುಕೊಂಡಿತು. ಒಂದೇ ಅಂಕಣದಲ್ಲಿ ದೊಡ್ಡಬಸಪ್ಪ ಕನ್ನಡದಲ್ಲಿ, ಅವನ ಕೆಳಗೆ ಆದವಾನಿಯ ವ್ಯಾಪಾರಿ ತೆಲುಗಿನಲ್ಲಿ, ಎರಡಕ್ಕೂ ನಾನು ಒಂದು ಸಾಲು ಕೋಡ್ ಹೆಚ್ಚು ಬರೆದಿರಲಿಲ್ಲ.

ಉಳಿದ ಪರೀಕ್ಷೆಗಳು ಗಿರಣಿಯವು. ಗುಮಾಸ್ತರಿಗೆ ಎಂಟರ್ ಒತ್ತಿದರೆ ಮುಂದಿನ ಪೆಟ್ಟಿಗೆಗೆ ಹೋಗಬೇಕು. ಹೊಸ ಟೂಲ್‌ಕಿಟ್‌ಗಳಲ್ಲಿ ಮುಂದೆ ಹೋಗಲು ಟ್ಯಾಬ್, ಎಂಟರ್ ಒತ್ತಿದರೆ ‘ಸರಿ’ ಎಂದು ಚೀಟಿಯೇ ಮುಗಿದುಹೋಗುತ್ತದೆ. ಫಾಕ್ಸ್‌ಪ್ರೊ ಕಾಲದ ಅಭ್ಯಾಸಕ್ಕೆ ಇವುಗಳನ್ನು ಬಗ್ಗಿಸಲು ಆಗುತ್ತದೆ, ಪ್ರತಿ ಪೆಟ್ಟಿಗೆಗೂ ಕೆಲಸ ಮಾಡಬೇಕಷ್ಟೆ. ಕಾಟಾದ ಇಂಡಿಕೇಟರಿನಿಂದ ತೂಕ ಸೀರಿಯಲ್ ತಂತಿಯಲ್ಲಿ ಎಡೆಬಿಡದೆ ಬರುತ್ತಿರುತ್ತದೆ. ಆ ಅಂಕಿಗಾಗಿ ಪ್ರೋಗ್ರಾಂ ಕಾಯುತ್ತ ನಿಂತರೆ ಇಡೀ ಸ್ಕ್ರೀನ್ ಹೆಪ್ಪುಗಟ್ಟುತ್ತದೆ, ಲಾರಿ ಡ್ರೈವರ್ ಹಾರ್ನ್ ಒತ್ತುತ್ತಾನೆ. ಕಾಯುವ ಕೆಲಸವನ್ನು ಟೂಲ್‌ಕಿಟ್ಟಿನ ಒಳಗಿನ ಸುತ್ತಿಗೇ ಒಪ್ಪಿಸಿ, ಅಂಕಿ ಬಂದಾಗ ಮಾತ್ರ ಎಬ್ಬಿಸು ಎಂದು ಹೇಳಬೇಕು. ಇದು ಜಿಟಿಕೆ, ಕ್ಯೂಟಿ ಎರಡರಲ್ಲೂ ಇದೆ. 2013ರ ಕ್ಯೂಟಿ 5.1ರಲ್ಲಿ ಸೀರಿಯಲ್ ಪೋರ್ಟಿಗೆಂದೇ ಭಾಗ ಸೇರಿತು. ಮುದ್ರಣಕ್ಕೆ ಗಿರಣಿಗಳಲ್ಲಿ ಇರುವುದು ಡಾಟ್ ಮ್ಯಾಟ್ರಿಕ್ಸ್. ಕನ್ನಡವನ್ನು ಅದು ಚಿತ್ರವಾಗಿ ಕೊರೆಯುತ್ತದೆ, ಸಾವಕಾಶ. ಹಾಗಾಗಿ ಚೀಟಿಯ ಕನ್ನಡ ತಲೆಬರಹಗಳನ್ನು ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿ, ರೈತನ ಹೆಸರನ್ನು ಮಾತ್ರ ಚಿತ್ರವಾಗಿ, ಅಂಕಿಗಳನ್ನು ಹಳೆಯ ವೇಗದಲ್ಲಿ ಹೊಡೆಸಿದೆ.

2011ರಲ್ಲಿ ಜಿಟಿಕೆ 3 ಬಂತು. ಗ್ನೋಮ್‌ನ ಹೊಸ ರೂಪಕ್ಕೆ ತಕ್ಕಂತೆ ಅದು ಬದಲಾಗಿತ್ತು. ಪೈಥಾನಿನಿಂದ ಅದನ್ನು ಕರೆಯುವ ಬಗೆಯೂ ಬದಲಾಯಿತು. ಗ್ನೋಮ್ ಕಟ್ಟುವವರಿಗೆ ಅದು ಸಹಜ. ಸುಗ್ಗಿಯಿಂದ ಸುಗ್ಗಿಗೆ ಬದುಕುವ ಗಿರಣಿಗೆ ಅಂಥ ಬದಲಾವಣೆ ಭಾರ. ನನ್ನಂತೆ ಲೆಕ್ಕ ಹಾಕಿದವರು ಬಹಳ ಮಂದಿ ಇದ್ದರು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಸ್ಕೂಬಾ ಡೈವಿಂಗ್ ಲೆಕ್ಕವಿಡಲು ಬರೆದ ಸಬ್‌ಸರ್ಫೇಸ್ 2013ರಲ್ಲಿ ಜಿಟಿಕೆಯಿಂದ ಕ್ಯೂಟಿಗೆ ಹೋಯಿತು. ಹಳೆಯ ಕಂಪ್ಯೂಟರುಗಳ ನೆಚ್ಚಿನ ಡೆಸ್ಕ್‌ಟಾಪ್ ಎಲ್‌ಎಕ್ಸ್‌ಡಿಇಯವರು ಕ್ಯೂಟಿ ಮೇಲೆ ಎಲ್‌ಎಕ್ಸ್‌ಕ್ಯೂಟಿ ಕಟ್ಟಿದರು. ನೆಟ್‌ವರ್ಕ್ ಪರೀಕ್ಷಿಸುವ ವೈರ್‌ಶಾರ್ಕ್ 2015ರಲ್ಲಿ ಅದೇ ದಾರಿ ಹಿಡಿಯಿತು. ನಾನೂ ಕ್ಯೂಟಿಗೆ ಬಂದೆ.

ಕ್ಯೂಟಿಯ ಮಾಲೀಕರೇನೂ ಸ್ಥಿರವಾಗಿರಲಿಲ್ಲ. 2008ರಲ್ಲಿ ನೋಕಿಯಾ ಕೊಂಡಿತು, 2009ರಲ್ಲಿ ಲೈಸೆನ್ಸನ್ನು ಇನ್ನಷ್ಟು ಸಡಿಲಿಸಿತು, 2011ರಲ್ಲಿ ತನ್ನ ಫೋನುಗಳಿಗೆ ವಿಂಡೋಸ್ ಆರಿಸಿಕೊಂಡು ಕ್ಯೂಟಿಯನ್ನು ಅನಾಥ ಮಾಡಿತು, 2012ರಲ್ಲಿ ಡಿಜಿಯಾ ಎಂಬ ಕಂಪನಿಗೆ ಮಾರಿತು. ಈಗ ಕ್ಯೂಟಿ ಕಂಪನಿ ಎಂದೇ ಪ್ರತ್ಯೇಕವಾಗಿದೆ. 2021ರ ಆರಂಭದಿಂದ 5.15ರ ದೀರ್ಘಾವಧಿ ತಿದ್ದುಪಡಿಗಳು ದುಡ್ಡು ಕೊಟ್ಟವರಿಗೆ ಮೊದಲು ಎಂದಾಯಿತು. ಕೆಡಿಇಯವರು ತಿದ್ದುಪಡಿಗಳನ್ನು ತಾವೇ ಕಲೆಹಾಕಿ ಉಳಿದವರಿಗೆ ಹಂಚಿದರು. ಇಷ್ಟು ಕೈ ಬದಲಾದರೂ ನನ್ನ ಚೀಟಿ ಸ್ಕ್ರೀನ್ ನಿಲ್ಲಲಿಲ್ಲ. 1998ರ ಕರಾರೂ ಜಿಪಿಎಲ್ಲೂ ಇದ್ದದ್ದು ಇಂಥ ಹೊತ್ತಿಗೆ.

ನಮ್ಮ ಕಡೆಯ ಬದಲಾವಣೆಗಳೇನು ಕಡಿಮೆಯೇ? 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಊರಿನ ಹೆಸರು ಬಳ್ಳಾರಿ ಎಂದಾಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಕುರುಗೋಡು ಹೊಸ ತಾಲೂಕಾಗಿ ಪಟ್ಟಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವು ಪಟ್ಟಿಯಿಂದ ಹೊರಬಿದ್ದವು. ತಾಲೂಕು ಆರಿಸುವ ಆ ಸಣ್ಣ ಪೆಟ್ಟಿಗೆಯೇ ಜಿಲ್ಲೆಯ ಚರಿತ್ರೆ. ಹೆಸರು, ಸುಂಕ, ಗಡಿ ಬದಲಾಗುವುದು ನನ್ನ ಕೈಯಲ್ಲಿಲ್ಲ. ಅದರ ಜೊತೆಗೆ ಟೂಲ್ ಕೂಡ ಬದಲಾಗದಂತೆ ನೋಡಿಕೊಳ್ಳುವುದು ಮಾತ್ರ ನನ್ನ ಕೈಯಲ್ಲಿದೆ.

ಹುಡುಗರಿಗೆ ನಾನು ಹೇಳುವುದು

ಈಗ ಎಲೆಕ್ಟ್ರಾನ್ ಎಂಬ ಟೂಲ್ ಇದೆ. ಬ್ರೌಸರನ್ನೇ ಹೊತ್ತು ತರುವುದರಿಂದ ಅದರಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಗಿರಣಿಯ ಹಳೆಯ ಕಂಪ್ಯೂಟರಿನ ಮೆಮೊರಿಯನ್ನೂ ಅಷ್ಟೇ ಚೆನ್ನಾಗಿ ನುಂಗುತ್ತದೆ. 2020ರ ಡಿಸೆಂಬರ್‌ನಲ್ಲಿ ಜಿಟಿಕೆ 4, ಕ್ಯೂಟಿ 6 ಎರಡೂ ಬಂದವು. ಎಕ್ಸ್ ವಿಂಡೋದ ಜಾಗಕ್ಕೆ ವೇಲ್ಯಾಂಡ್ ಬರುತ್ತಿದೆ. ಎಫ್‌ಎಲ್‌ಟಿಕೆ 1.4ರಲ್ಲಿ ಪ್ಯಾಂಗೊ ಜೋಡಿಸಿಕೊಳ್ಳುವ ಅವಕಾಶವಾಗಿದೆ. ಹಗುರವಾದದ್ದೂ ಕೊನೆಗೆ ಆ ಪದರದ ಬಳಿಗೇ ಬಂತು. ಕನ್ನಡ ನೋಡಿಕೊಂಡು ಟೂಲ್ ಆರಿಸುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅದಕ್ಕೇ ಜಿಟಿಕೆನಾ ಕ್ಯೂಟಿನಾ ಎಂದು ಕೇಳಿದವರಿಗೆ ನಾನು ಹೆಸರು ಹೇಳುವುದಿಲ್ಲ. ಮೊದಲ ದಿನವೇ ಒಂದು ಖಾಲಿ ಕಿಟಕಿ ತೆರೆದು ಅದರಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕರ್ನೂಲು ಬರೆಯಿರಿ, ಅಳಿಸಿ, ಮತ್ತೆ ಬರೆಯಿರಿ ಎನ್ನುತ್ತೇನೆ. ಅದರಲ್ಲಿ ಗೆದ್ದ ಟೂಲನ್ನು ಮೌಸ್ ಕಿತ್ತಿಟ್ಟು ನಡೆಸಿ ನೋಡಿ. ಆಮೇಲೆ ಅದರ ಹಿಂದಿನ ಹತ್ತು ವರ್ಷ ಓದಿ: ಎಷ್ಟು ಸಲ ಮಾಲೀಕರು ಬದಲಾದರು, ಆಗ ಹಳೆಯ ಪ್ರೋಗ್ರಾಂಗಳಿಗೆ ಏನಾಯಿತು. ಇವಿಷ್ಟೂ ಆದ ಮೇಲೆ ಬಟನ್ನಿನ ಬಣ್ಣ ನೋಡೋಣ.

ಇನ್ನೊಂದು ಮಾತು ಲೈಸೆನ್ಸಿನದು. ಜಿಪಿಎಲ್ ಟೂಲ್ ಬಳಸಿದರೆ ನಿಮ್ಮ ಪ್ರೋಗ್ರಾಮಿನ ಸೋರ್ಸನ್ನೂ ಗಿರಾಕಿಗೆ ಕೊಡಬೇಕಲ್ಲ, ಕಸುಬು ಹೋಗುವುದಿಲ್ಲವೇ ಎಂದು ಅವರು ಹೆದರುತ್ತಾರೆ. ನಾನು ಪ್ರತಿ ಗಿರಣಿಗೂ ಸೋರ್ಸ್ ಕೊಟ್ಟಿದ್ದೇನೆ. ಮಾಲೀಕರು ಅದನ್ನು ಜಮೀನಿನ ಪತ್ರದ ಜೊತೆ ತಿಜೋರಿಯಲ್ಲಿ ಇಡುತ್ತಾರೆ, ಯಾರೂ ತೆಗೆದು ನೋಡಿದ್ದಿಲ್ಲ. ಆದರೂ ಇಟ್ಟಿರಬೇಕು. ಟ್ರೋಲ್‌ಟೆಕ್‌ನಂಥ ಕಂಪನಿಯೇ ತಾನು ನಿಂತುಹೋದರೆ ಮುಂದೇನು ಎಂದು ಬರೆದುಕೊಟ್ಟಿತು. ಬ್ರೂಸ್‌ಪೇಟೆಯ ಒಬ್ಬಳೇ ಹೆಂಗಸು ನಡೆಸುವ ಅಂಗಡಿ ಅದನ್ನು ಬರೆದುಕೊಡದಿದ್ದರೆ, ನಾಳೆ ತೇವದ ಕಡಿತದ ಲೆಕ್ಕವೊಂದು ಬದಲಾದಾಗ ಸಿರುಗುಪ್ಪದ ಗಿರಣಿಯವರು ಯಾರ ಬಾಗಿಲು ಬಡಿಯಬೇಕು?